ನಂಬಿಕೆ ಇದೆ, ನಿರೀಕ್ಷೆ ಇಲ್ಲ. ಹೀಗೂ ಇರೋಕಾಗುತ್ತಾ?

ಖಾಲಿಕಾಲಂ:
ಎಲ್ಲರಿಗೂ ವಂದನೆ. ಬಹಳ ದಿನದಿಂದ ಇಲ್ಲಿ ಓದ್ತಾ ಇದ್ದೀನಿ, ಬರೀತಿರೋದು ಇದೇ ಮೊದಲು.

ನನ್ನ ಅಕ್ಕ ಹದಿನಾಲ್ಕು ತಿಂಗಳು ಕಾಯಿಲೆಯಲ್ಲಿ ನರಳಿ ಹೋದ ವರ್ಷ ತೀರಿಕೊಂಡಳು. ಅಷ್ಟೂ ತಿಂಗಳು ನಾನೊಂದು ಪ್ರಾರ್ಥನೆ ನೋಟ್‌ಬುಕ್ ಇಟ್ಟಿದ್ದೆ. ಸ್ಕೇಲಿಟ್ಟು ಗೆರೆ ಎಳೆದು ಮೂರು ಕಾಲಂ ಮಾಡಿದ್ದೆ. ಎಡಕ್ಕೆ ತಾರೀಖು, ನಡುವೆ ಬೇಡಿಕೆ, ಬಲಕ್ಕೆ 'ಉತ್ತರ ಬಂದ ದಿನ'. ಸಣ್ಣಪುಟ್ಟವಕ್ಕೆಲ್ಲ ಬಲಗಡೆ ತಾರೀಖು ಬಿದ್ದಿದೆ: ಜ್ವರ ಇಳೀಲಿ, ಒಂದು ರಾತ್ರಿಯಾದರೂ ನಿದ್ದೆ ಹತ್ತಲಿ, ರಿಪೋರ್ಟ್ ಬೇಗ ಬರಲಿ. 'ಅಕ್ಕ ಗುಣವಾಗಲಿ' ಅನ್ನೋದನ್ನ ಮಾತ್ರ ಪ್ರತಿ ಹೊಸ ಪುಟದ ಮೊದಲ ಸಾಲಲ್ಲಿ ಬರೀತಿದ್ದೆ. ಹಾಗಾಗಿ ಪುಟ ತಿರುವಿದರೆ ಎಲ್ಲ ಕಡೆ ಬಲಭಾಗದ ಮೇಲಿನ ಮೂಲೆ ಖಾಲಿ.

ದೇವರ ಬಗ್ಗೆ ನನಗೆ ಸಂಶಯ ಬಂದಿಲ್ಲ. ಯೇಸು ಸತ್ತು ಎದ್ದದ್ದನ್ನ ನಂಬ್ತೀನಿ. ಆರಾಧನೆ ತಪ್ಪಿಸಿಲ್ಲ. ಆದರೆ ಏನನ್ನೂ ಎದುರುನೋಡೋಕೆ ಆಗ್ತಿಲ್ಲ. ಬೇಡೋಕೆ ಅಂತ ಮೊಣಕಾಲೂರಿದರೆ ಬಾಯಿ ಕಟ್ಟಿಹೋಗುತ್ತೆ. ಪ್ರಾರ್ಥನಾ ಕೂಟದಲ್ಲಿ ಒಬ್ಬರ ಹತ್ತಿರ ಇದನ್ನ ಹೇಳಿಕೊಂಡೆ. "ನಿರೀಕ್ಷೆ ಇಲ್ಲ ಅಂದ್ರೆ ನಂಬಿಕೆ ಮೊದಲಿಂದಲೂ ಇರಲಿಲ್ಲ ಅಂತ ಅರ್ಥ. ಇದ್ದಿದ್ರೆ ನಿಮ್ಮಕ್ಕ ಎದ್ದು ಕೂರ್ತಿದ್ರು" ಅಂದುಬಿಟ್ಟರು. ಅವತ್ತಿಂದ ಈ ಪ್ರಶ್ನೆ ತಲೆಯಲ್ಲೇ ಕೂತಿದೆ. ಎರಡೂ ಒಂದೇನಾ? ಒಂದಿದ್ದು ಇನ್ನೊಂದು ಇಲ್ಲದೇ ಇರೋಕಾಗುತ್ತಾ?

ಮೂರನೇಬೆಂಚು:
ಸಿಸ್ಟರ್, ಅಕ್ಕನ ಬಗ್ಗೆ ಓದಿ ಕರುಳು ಹಿಂಡಿದ ಹಾಗಾಯ್ತು. ಆ ಮಾತು ಹೇಳಿದವರು ಯಾರೇ ಇರಲಿ, ಅದು ತಪ್ಪು. ಮಿಕ್ಕಿದ್ದನ್ನ ತಿಳಿದವರು ಬರೀಲಿ, ಇದನ್ನ ಮೊದಲು ಹೇಳಬೇಕು ಅನ್ನಿಸ್ತು.

ಕಡಲಂಚು:
ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರ 11:1 ಓದಿ. ನಂಬಿಕೆ ಅಂದ್ರೇನೇ ನಿರೀಕ್ಷಿಸುವವುಗಳ ಭರವಸೆ. ಎರಡೂ ಒಂದೇ.

ಗ್ರೀಕ್‌ಪಾಠ:
@ಕಡಲಂಚು, ಒಂದೇ ಆಗಿದ್ದರೆ ಆ ವಚನಕ್ಕೆ ಎರಡು ಪದ ಯಾಕೆ ಬೇಕಿತ್ತು? ನಂಬಿಕೆಗೆ ಗ್ರೀಕಿನಲ್ಲಿ ಪಿಸ್ಟಿಸ್, ನಿರೀಕ್ಷೆಗೆ ಎಲ್ಪಿಸ್. ಎದುರುನೋಡುತ್ತಿರುವ ಸಂಗತಿಗಳಿಗೆ ಪಿಸ್ಟಿಸ್ 'ಹುಪೊಸ್ಟಾಸಿಸ್' ಆಗಿದೆ ಅಂತ ಅಲ್ಲಿ ಬರೆದಿದೆ. ಪದ ಬಿಡಿಸಿದರೆ 'ಕೆಳಗೆ ನಿಂತದ್ದು'. ಗೋಡೆ ಕಾಣುತ್ತೆ, ತಳಪಾಯ ಕಾಣಲ್ಲ, ಆ ಥರ.

ಇದರ ಅರ್ಥದ ಮೇಲೆ ದೊಡ್ಡ ಜಗಳವೇ ನಡೆದಿದೆ. 16ನೇ ಶತಮಾನದ ಸುಧಾರಕ ಲೂಥರ್ ಇದನ್ನ ಮನಸ್ಸಿನ ದೃಢತೆ ಅಂತ ಓದಿದ. 2007ರಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟ್ ನಿರೀಕ್ಷೆಯ ಬಗ್ಗೆಯೇ ಒಂದು ವಿಶ್ವಪತ್ರ (ಇಡೀ ಸಭೆಗೆ ಪೋಪ್ ಬರೆಯೋ ಪತ್ರ) ಬರೆದು, ಆ ಓದು ಸಾಲದು ಅಂದರು. ಬರಲಿರುವುದರ ಸತ್ವ ಆಗಲೇ ನಮ್ಮೊಳಗೆ ಬಂದು ಕೂತಿದೆ, ಬರೀ ನಮ್ಮ ಮನಸ್ಸಿನ ಗಟ್ಟಿತನದ ಮಾತಲ್ಲ ಇದು, ಅನ್ನೋದು ಅವರ ವಾದ. ಹಳೇ ಪಪೈರಸ್ ಕಾಗದಗಳಲ್ಲಿ ಇದೇ ಪದ ಆಸ್ತಿ ವ್ಯವಹಾರದಲ್ಲೂ ಸಿಗುತ್ತೆ, ಅದಕ್ಕೆ 'ಹಕ್ಕುಪತ್ರ' ಅಂತ ಅರ್ಥ ಮಾಡೋರೂ ಇದ್ದಾರೆ. ಎಲ್ಲರೂ ಅದನ್ನ ಒಪ್ಪಲ್ಲ. ನನಗಂತೂ ಹಿಡಿಸುತ್ತೆ. ಹೊಲ ಇನ್ನೂ ಕೈಗೆ ಬಂದಿಲ್ಲ, ಪತ್ರ ಮಾತ್ರ ಕೈಯಲ್ಲಿದೆ. ಪತ್ರ ನಂಬಿಕೆ, ಹೊಲದ ದಾರಿ ನೋಡೋದು ನಿರೀಕ್ಷೆ.

ಪ್ರಶ್ನಾರ್ಥಕ:
ನಮ್ಮ ಕನ್ನಡದಲ್ಲೇ ಗೊಂದಲ ಇದೆ. ಒಂದು ಸಭೆಯವರು 'ನಂಬಿಕೆ' ಅಂದರೆ ಇನ್ನೊಬ್ಬರು 'ವಿಶ್ವಾಸ' ಅಂತಾರೆ. 'ನಿರೀಕ್ಷೆ' ಅನ್ನೋ ಕಡೆ ಕೆಲವರು 'ಭರವಸೆ' ಅಂತಾರೆ. ದಿನನಿತ್ಯದ ಮಾತಲ್ಲಿ ನಿರೀಕ್ಷೆ ಅಂದ್ರೆ ಬರೀ ಅಂದಾಜು: ಮಳೆ ನಿರೀಕ್ಷೆ, ಫಲಿತಾಂಶ ನಿರೀಕ್ಷೆ. ಆದರೂ ಆಗಬಹುದು, ಆಗದೆಯೂ ಇರಬಹುದು. ಬೈಬಲಿನ ಪತ್ರಗಳಲ್ಲಿ ಅಪೊಸ್ತಲ ಪೌಲ ಹೇಳೋ ನಿರೀಕ್ಷೆ ಆ ಥರದ್ದಲ್ಲ ತಾನೇ?

ಹಳೇಓದುಗ:
ಅಲ್ಲ. 'ಎದುರುನೋಡು', 'ದಾರಿ ಕಾಯು' ಅನ್ನೋ ಮಾತೇ ಹತ್ತಿರ. ಬರ್ತೀನಿ ಅಂದವರ ದಾರಿ ಕಾಯ್ತೀವಿ. ಯಾರೂ ಮಾತು ಕೊಡದೆ ಹೋದರೆ ಕಾಯೋದು ಯಾರಿಗಾಗಿ? ಅವರ ಮಾತನ್ನ ಹಿಡಿದುಕೊಳ್ಳೋದು ನಂಬಿಕೆ, ಹೊಸಿಲ ಮೇಲೆ ಕೂತಿರೋದು ನಿರೀಕ್ಷೆ.

ಸಭೆಯ ಹಿರಿಯ ಗುರು ಅಗಸ್ಟೀನ್ 5ನೇ ಶತಮಾನದಲ್ಲೇ ಇದನ್ನ ಅಚ್ಚುಕಟ್ಟಾಗಿ ಬಿಡಿಸಿಟ್ಟ. ನಂಬಿಕೆ ಹಿಂದಿನದರ ಮೇಲೂ ಇರಬಹುದು, ಇಂದಿನದರ ಮೇಲೂ, ಮುಂದಿನದರ ಮೇಲೂ. ಒಳ್ಳೇದನ್ನೂ ನಂಬ್ತೀವಿ, ಕೆಟ್ಟದ್ದನ್ನೂ ನಂಬ್ತೀವಿ. ಕ್ರಿಸ್ತ ಸತ್ತದ್ದನ್ನ ನಂಬ್ತೀವಿ, ಅದು ಆಗಿಹೋದದ್ದು. ನ್ಯಾಯತೀರ್ಪನ್ನೂ ನಂಬ್ತೀವಿ, ಅದು ಎಲ್ಲರಿಗೂ ಹಿತವಾದದ್ದಲ್ಲ. ನಿರೀಕ್ಷೆ ಹಾಗಲ್ಲ: ಅದು ಒಳ್ಳೇದರ ಮೇಲೆ ಮಾತ್ರ, ಬರಲಿರೋದರ ಮೇಲೆ ಮಾತ್ರ, ಅದೂ ತನಗೆ ಸಂಬಂಧಪಟ್ಟದ್ದರ ಮೇಲೆ.

@ಖಾಲಿಕಾಲಂ, ಈ ಕೊನೇ ಮಾತನ್ನ ನೋಡಮ್ಮ. 'ದೇವರು ಒಳ್ಳೆಯವನು' ಅನ್ನೋದನ್ನ ನೀನು ನಂಬ್ತೀಯ. 'ಆ ಒಳ್ಳೇದು ನನಗೂ ಬರುತ್ತೆ' ಅನ್ನೋ ಕಡೆ ನಿನ್ನ ಹೆಜ್ಜೆ ನಿಂತಿದೆ. ಹಾಗಾಗಿ ನೀನು ಹೇಳ್ತಿರೋ ಸ್ಥಿತಿ ಇದ್ದೇ ಇದೆ, ನಿನ್ನ ಕಲ್ಪನೆ ಅಲ್ಲ.

ಖಾಲಿಕಾಲಂ:
"ನನಗೂ ಬರುತ್ತೆ". ಹೌದು. ಅಲ್ಲೇ ನಿಂತಿದೆ. ಬೇರೆಯವರಿಗಾಗಿ ಬೇಡೋಕೆ ಬರುತ್ತೆ, ನನ್ನದಕ್ಕೆ ಬರಲ್ಲ.

ಬೆಳಗಿನಜಾವ:
ಎಲ್ಲರೂ ಒಂದೇ ಕಡೆ ವಾಲ್ತಿದ್ದೀರಿ ಅಂತ ಬರೀತಿದ್ದೀನಿ. ಆ ವ್ಯಕ್ತಿ ಮಾತಾಡಿದ ರೀತಿ ಸರಿಯಿಲ್ಲ, ಒಪ್ತೀನಿ. ಆದರೆ ಮಾರ್ಕ 11:24 ಇದೆಯಲ್ಲ? ಬೇಡಿಕೊಂಡದ್ದನ್ನ ಹೊಂದಿದ್ದೀವಿ ಅಂತ ನಂಬಿ, ಸಿಗುತ್ತೆ ಅಂತ ಯೇಸುವೇ ಹೇಳಿದ್ದು. ನನ್ನ ಮಗ ಎರಡೂವರೆ ಕೆಜಿಗೂ ಕಮ್ಮಿ ತೂಕದಲ್ಲಿ ಹುಟ್ಟಿ ಇಪ್ಪತ್ತೊಂದು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದ. ನಾನು ಪ್ರತಿದಿನ ಆ ಗಾಜಿನ ಮೇಲೆ ಕೈಯಿಟ್ಟು ಯೆರೆಮೀಯ 29:11 ಹೇಳ್ತಿದ್ದೆ. ನಿಮಗೆ ಒಳ್ಳೇ ಗತಿಯನ್ನ, ನಿರೀಕ್ಷೆಯನ್ನ ಕೊಡೋ ಆಲೋಚನೆ ನನ್ನದು ಅಂತ ದೇವರು ಹೇಳಿರೋ ವಚನ. ಇವತ್ತು ಅವನು ಸೈಕಲ್ ತುಳೀತಾನೆ. ಇದನ್ನ ಸಾಕ್ಷಿ ಹೇಳದೆ ಹೇಗೆ ಇರಲಿ?

ಮೂರನೇಬೆಂಚು:
ಹೇಳಿ, ಖಂಡಿತ ಹೇಳಿ. ಮಗನಿಗಾಗಿ ಸ್ತೋತ್ರ.

ಹಳೇಓದುಗ:
@ಬೆಳಗಿನಜಾವ, ಸಾಕ್ಷಿಗೆ ಸಂತೋಷ. ಆ ವಚನದ ಬಗ್ಗೆ ಒಂದು ಮಾತು. 29:11 ಬಾಯಿಪಾಠ ಇದೆ, ಅದರ ಹಿಂದಿನ ವಚನ ಯಾರಿಗೂ ನೆನಪಿರಲ್ಲ. ಅದು ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದ ಕಾಗದ. 29:10ರಲ್ಲಿ ಎಪ್ಪತ್ತು ವರ್ಷ ಆದಮೇಲೆ ಬಿಡಿಸ್ತೀನಿ ಅಂತಿದೆ. ಆ ಕಾಗದ ಕೇಳಿಸಿಕೊಂಡ ನಡುವಯಸ್ಸಿನವರಲ್ಲಿ ಊರಿಗೆ ವಾಪಸ್ ಬರೋವರೆಗೆ ಬದುಕಿದ್ದವರು ಎಷ್ಟು ಜನ ಇದ್ದಾರು? ಆದರೂ ಅದಕ್ಕೆ 'ನಿರೀಕ್ಷೆ' ಅಂತಲೇ ಹೆಸರು.

ಇನ್ನೂ ಒಂದು ಅಧ್ಯಾಯ ಹಿಂದೆ ಹೋಗಿ. 28ರಲ್ಲಿ ಹನನ್ಯ ಅನ್ನೋ ಪ್ರವಾದಿ ಎದ್ದುನಿಂತು, ಎರಡೇ ವರ್ಷ, ಎಲ್ಲ ವಾಪಸ್ ಬರುತ್ತೆ ಅಂದ. ಬಾಬೆಲಿಗೆ ತಲೆಬಾಗಬೇಕು ಅನ್ನೋ ಗುರುತಿಗೆ ಯೆರೆಮೀಯನ ಕುತ್ತಿಗೆ ಮೇಲಿದ್ದ ನೊಗ ಕಿತ್ತು ಮುರಿದೇಬಿಟ್ಟ. ಜನಕ್ಕೆ ಕೇಳೋಕೆ ಅವನ ಮಾತೇ ಹಿತವಾಗಿದ್ದಿರಬೇಕು. 'ಆಮೆನ್, ಕರ್ತನು ಹಾಗೆಯೇ ಮಾಡಲಿ' ಅಂತ ಯೆರೆಮೀಯನೂ ಅಂದ. ಆದರೆ ಆಮೇಲೆ ದೇವರು ಅದನ್ನ ಸುಳ್ಳು ಅಂದ. ದೇವರು ಕೊಡದ ಮಾತನ್ನ ದೇವರ ಹೆಸರಲ್ಲಿ ಕೊಡೋದು ದೊಡ್ಡ ನಂಬಿಕೆಯ ಲಕ್ಷಣ ಅಲ್ಲ. ಈ ತಂಗಿಗೆ ಯಾರೋ ಹೇಳಿದರಲ್ಲ, ಅದು ಹನನ್ಯನ ಮಾತು.

ಬೆಳಗಿನಜಾವ:
ಎಪ್ಪತ್ತು ವರ್ಷದ್ದು ನಿಜಕ್ಕೂ ಗಮನಿಸಿರಲಿಲ್ಲ. ಮಾರ್ಕ 11:24ಕ್ಕೆ ಏನಂತೀರಿ?

ಗ್ರೀಕ್‌ಪಾಠ:
ಮಾರ್ಕನೇ 14:36ನ್ನೂ ಬರೆದಿದ್ದಾನೆ. ಶಿಲುಬೆಗೆ ಹೋಗೋ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ತಂದೆಗೆ, ನಿನಗೆ ಎಲ್ಲವೂ ಸಾಧ್ಯ, ಈ ಪಾತ್ರೆಯನ್ನ (ಬರಲಿರೋ ನೋವನ್ನ) ನನ್ನಿಂದ ತೊಲಗಿಸು ಅಂದ, ಆಮೇಲೆ ನಿನ್ನ ಚಿತ್ತದಂತೆ ಆಗಲಿ ಅಂದ. 'ಎಲ್ಲವೂ ಸಾಧ್ಯ' ಅನ್ನೋದು ತುಂಬಿದ ನಂಬಿಕೆ. ಪಾತ್ರೆ ತೊಲಗಲಿಲ್ಲ. ಅವನ ನಂಬಿಕೆ ಕಮ್ಮಿ ಆಗಿತ್ತು ಅಂತ ನಮ್ಮಲ್ಲಿ ಯಾರಾದರೂ ಹೇಳ್ತೀವಾ?

ಬೆಳಗಿನಜಾವ:
ಇಲ್ಲ. ಹೇಳಲ್ಲ.

ರಾತ್ರಿಪಾಳಿ:
ನಾನು ನರ್ಸ್. ಕೊನೇ ದಿನಗಳ ರೋಗಿಗಳ ವಾರ್ಡಿನಲ್ಲಿ ಹನ್ನೊಂದು ವರ್ಷ. ಗ್ರೀಕು ನನಗೆ ಗೊತ್ತಿಲ್ಲ, ಕಣ್ಣಾರೆ ಕಂಡದ್ದು ಹೇಳ್ತೀನಿ.

ಒಬ್ಬ ಅಜ್ಜ ಇದ್ದರು, ಭಕ್ತರು. ಬಂದ ಹೊಸದರಲ್ಲಿ "ಗುಣ ಆಗ್ತೀನಿ, ನೋಡ್ತಿರು" ಅಂತಿದ್ದರು. ತಿಂಗಳಾದ ಮೇಲೆ "ಮೊಮ್ಮಗಳ ಪರೀಕ್ಷೆ ಮುಗಿಯೋವರೆಗೆ ಇದ್ದರೆ ಸಾಕು" ಅಂದರು. ಆಮೇಲೆ "ಇವತ್ತು ನೋವಿಲ್ಲದೆ ಒಂದು ಗುಟುಕು ನೀರು ಇಳಿದರೆ ಸಾಕು" ಅಂದರು. ಹೊರಗಿಂದ ನೋಡಿದವರಿಗೆ ನಿರೀಕ್ಷೆ ದಿನಾ ಕರಗ್ತಿದೆ ಅನ್ನಿಸಬೇಕು. ಕೊನೇ ವಾರ, ಬೆಳಗಿನ ನಾಲ್ಕು ಗಂಟೆಗೆ ದಿಂಬು ಸರಿಮಾಡ್ತಿದ್ದೆ. ನನ್ನ ಮಣಿಕಟ್ಟು ಹಿಡಿದುಕೊಂಡು, "ಮಗಳೇ, ಅಲ್ಲಿ ನನ್ನವಳು ನನ್ನ ಗುರುತು ಹಿಡೀತಾಳಾ? ಅವಳು ಹೋದಾಗ ನನ್ನ ತಲೆ ತುಂಬ ಕೂದಲಿತ್ತು" ಅಂತ ಕೇಳಿದರು. ಮುಖದಲ್ಲಿ ಭಯ ಇರಲಿಲ್ಲ. ಮದುವೆಗೆ ಹೊರಟವರ ಗಡಿಬಿಡಿ ಇತ್ತು. ನಂಬಿಕೆ ಮೊದಲ ದಿನ ಎಷ್ಟಿತ್ತೋ ಅಷ್ಟೇ ಇತ್ತು ಅನ್ನಿಸ್ತು ನನಗೆ. ನಿರೀಕ್ಷೆ ಮಾತ್ರ ಒಂದೊಂದೇ ಗೂಟ ಬಿಚ್ಚಿಕೊಂಡು ಕೊನೇ ಗೂಟಕ್ಕೆ ಬಂದು ಕಟ್ಟಿಕೊಂಡಿತ್ತು.

ಎಲ್ಲರೂ ಹಾಗೆ ಹೋಗಲ್ಲ. ಭಯಪಟ್ಟುಕೊಂಡು ಹೋದ ಭಕ್ತರನ್ನೂ ನೋಡಿದ್ದೀನಿ, ಅವರ ಕೈಯನ್ನೂ ಹಿಡಿದಿದ್ದೀನಿ. ಅವರನ್ನ ದೇವರು ಕಮ್ಮಿ ಪ್ರೀತಿಸಿದ ಅಂತ ನನಗೆ ಅನ್ನಿಸಿಲ್ಲ.

ಕಡಲಂಚು:
ಇದನ್ನ ಓದಿ ನನ್ನ ಒಂದು ಸಾಲಿನ ಉತ್ತರ ವಾಪಸ್ ತಗೋತೀನಿ.

ಗಾಯನಮಂಡಳಿ:
ಗೂಟ, ಹಗ್ಗ ಅಂದಿದ್ದಕ್ಕೆ ನೆನಪಾಯ್ತು. ಹೀಬ್ರೂನಲ್ಲಿ ನಿರೀಕ್ಷೆಗೆ 'ತಿಕ್ವಾ' ಅಂತಾರೆ. ಅದೇ ಪದಕ್ಕೆ ದಾರ, ಹುರಿ ಅಂತಲೂ ಅರ್ಥ. ಯೆಹೋಶುವ 2ರಲ್ಲಿ ಯೆರಿಕೋ ಊರಿನ ರಹಾಬಳು ಇಸ್ರಾಯೇಲಿನ ಗೂಢಚಾರರನ್ನ ಗೋಡೆಯಿಂದ ಕೆಳಗಿಳಿಸಿದ ಕೆಂಪು ಹಗ್ಗ ಇದೆಯಲ್ಲ, ಅದು ತಿಕ್ವಾ!

ಗ್ರೀಕ್‌ಪಾಠ:
ಸಣ್ಣ ತಿದ್ದುಪಡಿ. ಇಳಿಸಿದ ಹಗ್ಗಕ್ಕೆ ಅಲ್ಲಿ ಬೇರೆ ಪದ, 'ಹೆವೆಲ್' (2:15). ಕಿಟಕಿಗೆ ಕಟ್ಟು, ನಿನ್ನ ಮನೆಯವರನ್ನ ಉಳಿಸ್ತೀವಿ ಅಂತ ಅವರು ಹೇಳಿದ ಕೆಂಪು ನೂಲಿನ ಹುರಿಗೆ 'ತಿಕ್ವಾ' (2:18, 21). ಇಬ್ರಿಯರಿಗೆ 11:31ರಲ್ಲಿ ಆಕೆಯನ್ನ ಹೊಗಳಿರೋದು ನಂಬಿಕೆಗಾಗಿ. ಮಾತು ನಂಬಿದಳು, ದಾರ ಕಟ್ಟಿದಳು, ಸೈನ್ಯ ಬರೋವರೆಗೆ ಅದು ಕಿಟಕಿಯಲ್ಲಿ ನೇತಾಡ್ತಿತ್ತು. ನಂಬಿಕೆಗೂ ನಿರೀಕ್ಷೆಗೂ ಇರೋ ಸಂಬಂಧ ಇದಕ್ಕಿಂತ ಚೆನ್ನಾಗಿ ನನಗೆ ಇನ್ನೆಲ್ಲೂ ಕಂಡಿಲ್ಲ.

ಗಾಯನಮಂಡಳಿ:
ತಿದ್ದಿದ್ದಕ್ಕೆ ಧನ್ಯವಾದ. ಕಟ್ಟಿದ ಹುರಿ ಅಂದ್ರೆ ಇನ್ನೂ ಚೆನ್ನಾಯ್ತು.

ಖಾಲಿಕಾಲಂ:
ಎಲ್ಲ ಕಳಕೊಂಡು ನರಳಿದ ಯೋಬನ ಪುಸ್ತಕದಲ್ಲಿ, ನನ್ನ ದಿನಗಳು ಮಗ್ಗದ ಲಾಳಿಗಿಂತ ಬೇಗ ಓಡಿ ನಿರೀಕ್ಷೆಯಿಲ್ಲದೆ ಮುಗಿಯುತ್ತವೆ ಅನ್ನೋ ಮಾತಿದೆ (7:6). ಅಲ್ಲೂ ಇದೇ ಪದನಾ?

ಗ್ರೀಕ್‌ಪಾಠ:
ಅದೇ ಪದ. ಲಾಳಿ ಅಂತ ಹೇಳಿ ಬೇಕೆಂದೇ ಆ ಪದ ಬಳಸಿದ ಹಾಗಿದೆ: ನೂಲು ಮುಗಿದುಹೋಯ್ತು, ನಿರೀಕ್ಷೆ ಮುಗಿದುಹೋಯ್ತು. ಆ ಮಾತು ಹೇಳಿದವನ ಬಗ್ಗೆಯೇ ದೇವರು 42:7ರಲ್ಲಿ ಏನಂದ ನೋಡಿ. ಯೋಬ ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದ, ನೀವು ಮಾತಾಡಲಿಲ್ಲ ಅಂತ ಬೈದದ್ದು ಉಪದೇಶ ಮಾಡೋಕೆ ಬಂದ ಸ್ನೇಹಿತರನ್ನ.

ಪ್ರಶ್ನಾರ್ಥಕ:
ವಿಷಯ ಬಿಟ್ಟು ಹೋಗ್ತಿದ್ದೀನಿ ಅನ್ನಿಸಿದರೆ ಕ್ಷಮಿಸಿ. 1 ಕೊರಿಂಥ 13:13ರಲ್ಲಿ ನಂಬಿಕೆ, ನಿರೀಕ್ಷೆ, ಪ್ರೀತಿ ಮೂರೂ ನಿಲ್ಲುತ್ತವೆ ಅಂತಿದೆ. ಪರಲೋಕ ಸೇರಿದ ಮೇಲೂ ನಿರೀಕ್ಷೆ ಇರುತ್ತಾ? ಎಲ್ಲ ಸಿಕ್ಕಮೇಲೆ ಎದುರುನೋಡೋಕೆ ಉಳಿಯೋದಾದರೂ ಏನು?

ಹಳೇಓದುಗ:
ಇರಲ್ಲ ಅಂತ 13ನೇ ಶತಮಾನದ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್. ಕಣ್ಣಿಗೆ ಕಂಡಮೇಲೆ ನಂಬಿಕೆಗೆ ಕೆಲಸ ಇಲ್ಲ, ಕೈಗೆ ಸಿಕ್ಕಮೇಲೆ ನಿರೀಕ್ಷೆಗೆ ಕೆಲಸ ಇಲ್ಲ, ಪ್ರೀತಿ ಮಾತ್ರ ಉಳಿಯುತ್ತೆ. ಕಂಡದ್ದನ್ನ ಯಾರು ಎದುರುನೋಡ್ತಾರೆ ಅಂತ ರೋಮಾಪುರದವರಿಗೆ 8:24 ಕೂಡ ಕೇಳುತ್ತೆ.

ಗಾಯನಮಂಡಳಿ:
2ನೇ ಶತಮಾನದ ಬಿಷಪ್ ಐರೇನಿಯಸ್ ಬೇರೆ ಥರ ಹೇಳ್ತಾನೆ. ದೇವರು ಕಲಿಸ್ತಾನೇ ಇರ್ತಾನೆ, ಮನುಷ್ಯ ಕಲೀತಾನೇ ಇರ್ತಾನೆ, ಹಾಗಾಗಿ ಅಲ್ಲೂ ಇನ್ನೂ ಹೆಚ್ಚಿನದನ್ನ ಎದುರುನೋಡೋದು ಇದ್ದೇ ಇರುತ್ತೆ. ನನ್ನ ಓಟು ಇವನಿಗೆ.

ಹಳೇಓದುಗ:
ಅಕ್ವಿನಾಸ್ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡ್ತೀನಿ, ಇದು ಮೂಲ ಪ್ರಶ್ನೆಗೇ ತಾಗುತ್ತೆ. ನಿರೀಕ್ಷೆ ಇರೋದು ಮುಂದೆ ಬರೋ ಒಳ್ಳೇದರ ಮೇಲೆ, ಅದು ಕಷ್ಟದ್ದಾಗಿರಬೇಕು, ಆದರೂ ಸಾಧ್ಯ ಇರಬೇಕು ಅಂದವನು ಅವನು. ಸಾಧ್ಯ ಅಂತ ತೋರಿಸಿಕೊಡೋದು ನಂಬಿಕೆ, ಅದಕ್ಕೇ ನಂಬಿಕೆ ಮೊದಲು. ನಿರೀಕ್ಷೆಗೆ ವಿರುದ್ಧವಾದದ್ದು ಎರಡು. 'ಇನ್ನು ಸಾಧ್ಯವೇ ಇಲ್ಲ' ಅನ್ನೋ ಹತಾಶೆ ಒಂದು. 'ಕಷ್ಟವೇ ಇಲ್ಲ, ಆಗಿಯೇ ಆಗುತ್ತೆ' ಅನ್ನೋ ಅತಿಧೈರ್ಯ ಇನ್ನೊಂದು. ನಮ್ಮ ಕೂಟಗಳಲ್ಲಿ ಮೊದಲನೆಯದನ್ನ ಪಾಪ ಅಂತೀವಿ, ಎರಡನೆಯದಕ್ಕೆ ಚಪ್ಪಾಳೆ ಹೊಡೀತೀವಿ. ಇದು ನನಗೆ ಬಹಳ ನೋವು ಕೊಡೋ ಸಂಗತಿ.

ಬೆಳಗಿನಜಾವ:
ಒಪ್ಪಿದೆ. ಆದರೆ ಹಳೇಓದುಗರೇ, ಸುಧಾರಕ ಕ್ಯಾಲ್ವಿನ್ ಹೇಳಿದ್ದನ್ನೂ ಸೇರಿಸಬೇಕು. ನಂಬಿಕೆ ನಿರೀಕ್ಷೆಗೆ ತಳಪಾಯ ಸರಿ, ಆದರೆ ನಿರೀಕ್ಷೆಯೇ ನಂಬಿಕೆಯನ್ನ ಸಾಕುತ್ತೆ, ಅದು ಬಳಲಿ ಬೀಳದ ಹಾಗೆ ಆಗಾಗ ಚೇತರಿಸುತ್ತೆ ಅಂತ ಅವನು ಬರೆದಿದ್ದಾನೆ. ಅಂದ್ರೆ ನಿರೀಕ್ಷೆ ಇಲ್ಲದೆ ನಂಬಿಕೆ ಬಹುಕಾಲ ನಡೆಯಲ್ಲ. ಈ ಸಿಸ್ಟರ್‌ಗೆ 'ಹೀಗೇ ಇದ್ದರೂ ಪರವಾಗಿಲ್ಲ' ಅಂತ ಹೇಳಿ ಸುಮ್ಮನಾಗೋದು ಪ್ರೀತಿಯಲ್ಲ. ಒಂಟಿಯಾಗಿ ಬಿಡಬಾರದು.

ಮೂರನೇಬೆಂಚು:
ಇದು ಸರಿಯಾದ ಮಾತು. ಬಿಡೋದು ಬೇಡ.

ರಾತ್ರಿಪಾಳಿ:
ಲೂಕ 24. ಯೇಸು ಸತ್ತ ಮೂರನೇ ದಿನ ಎಮ್ಮಾಹು ಅನ್ನೋ ಹಳ್ಳಿಗೆ ಹೋಗ್ತಿದ್ದ ಇಬ್ಬರು ಶಿಷ್ಯರು, ಇಸ್ರಾಯೇಲನ್ನ ಬಿಡಿಸೋನು ಇವನೇ ಅಂತ ನಿರೀಕ್ಷಿಸಿಕೊಂಡಿದ್ದೆವು ಅಂತಾರೆ. 'ಇದ್ದೆವು'. ಆಗಿಹೋದ ಮಾತು. ನಿರೀಕ್ಷೆ ಸತ್ತುಹೋದವರ ಪಕ್ಕದಲ್ಲೇ ಎದ್ದುಬಂದ ಯೇಸು ನಡೆದುಕೊಂಡು ಬರ್ತಿದ್ದ. ವಾರ್ಡಿನಲ್ಲಿ ನಾನು ಹೆಚ್ಚು ಸಲ ಓದಿ ಹೇಳಿರೋದು ಈ ಅಧ್ಯಾಯ.

ಕಡಲಂಚು:
ನಂಬೋದರಲ್ಲಿ ನಿಧಾನಸ್ಥರು ಅಂತ ಅವರನ್ನ ಬೈದನಲ್ಲ?

ರಾತ್ರಿಪಾಳಿ:
ಬೈದ. ಬೈದು ಮುಂದೆ ಹೋಗಲಿಲ್ಲ. ಅವರ ಜೊತೆ ಮನೆಯೊಳಗೆ ಹೋಗಿ ಊಟಕ್ಕೆ ಕೂತ.

ಗಾಯನಮಂಡಳಿ:
ನಾವು ಆರಾಧನೆಯಲ್ಲಿ ಒಟ್ಟಿಗೆ ಹೇಳೋ ನಂಬಿಕೆಯ ಸಾರಾಂಶ, ನೈಸೀಯ ವಿಶ್ವಾಸಪ್ರಮಾಣ, ಗಮನಿಸಿ. 'ನಂಬುತ್ತೇವೆ' ಅಂತ ಶುರುವಾಗುತ್ತೆ, ಸತ್ತವರ ಪುನರುತ್ಥಾನವನ್ನ 'ಎದುರುನೋಡುತ್ತೇವೆ' ಅಂತ ಮುಗಿಯುತ್ತೆ. 325ರ ನೈಸೀಯ ಪಾಠದಲ್ಲಿ ಆ ಕೊನೇ ಸಾಲಿಲ್ಲ, 381ರ ಕಾನ್‌ಸ್ಟಾಂಟಿನೋಪಲ್ ಪಾಠದಲ್ಲಿ ಬಂತು. ಗ್ರೀಕಿನಲ್ಲಿ ಎರಡೂ ಬಹುವಚನ, 'ನಾವು'. ಒಬ್ಬರ ಬಾಯಿ ಕಟ್ಟಿದ ದಿನವೂ ಪಕ್ಕದವರು ಹೇಳ್ತಿರ್ತಾರೆ. ನನ್ನ ತಂದೆ ತೀರಿಕೊಂಡ ವಾರ ಆ ಸಾಲು ಬಂದಾಗ ನನಗೆ ದನಿ ಬರಲಿಲ್ಲ. ಪಕ್ಕದ ಆಲ್ಟೋ ದನಿಯವರು ಸ್ವಲ್ಪ ಜೋರಾಗಿ ಹೇಳಿದರು. ಅವರು ನನ್ನ ಕಡೆ ತಿರುಗಿ ನೋಡಲಿಲ್ಲ, ಆದರೆ ಯಾಕೆ ಜೋರಾಗಿ ಹೇಳಿದರು ಅಂತ ನನಗೆ ಗೊತ್ತಾಯ್ತು.

ಹಳೇಓದುಗ:
ಮಾರ್ಕ 2:5. ಪಾರ್ಶ್ವವಾಯು ರೋಗಿಯನ್ನ ನಾಲ್ಕು ಜನ ಚಾವಣಿ ಬಿಚ್ಚಿ ಇಳಿಸಿದರು. ಯೇಸು ನೋಡಿದ್ದು 'ಅವರ' ನಂಬಿಕೆಯನ್ನ. ಹೊರಸಿನ ಮೇಲಿದ್ದವನು ಏನು ನಂಬಿದ್ದ, ಏನು ನಿರೀಕ್ಷಿಸಿದ್ದ ಅಂತ ಮಾರ್ಕ ಬರೆದೇ ಇಲ್ಲ.

ಖಾಲಿಕಾಲಂ:
ಎರಡು ದಿನದಿಂದ ಇದನ್ನೆಲ್ಲ ಓದ್ತಾ ಕೂತಿದ್ದೀನಿ. ಹಳೇಓದುಗ ಸರ್ ಹೇಳಿದ್ದಕ್ಕೆ ಯೆರೆಮೀಯ ತೆಗೆದು ಮುಂದೆ ಓದಿಕೊಂಡು ಹೋದೆ, 32ಕ್ಕೆ ಬಂದೆ. ಊರಿಗೆ ಮುತ್ತಿಗೆ ಬಿದ್ದಿದೆ, ಇವನು ಕಾವಲಲ್ಲಿ ಸೆರೆಯಾಗಿದ್ದಾನೆ, ಆಗ ಚಿಕ್ಕಪ್ಪನ ಮಗ ಹನಮೇಲನ ಹೊಲವನ್ನ ಹದಿನೇಳು ಶೆಕೆಲ್ ಬೆಳ್ಳಿ ತೂಗಿ ಕೊಂಡುಕೊಳ್ತಾನೆ. ಕ್ರಯಪತ್ರಕ್ಕೆ ಮುದ್ರೆ ಹಾಕಿಸಿ, ಬಹಳ ದಿನ ಕೆಡದ ಹಾಗೆ ಮಣ್ಣಿನ ಗಡಿಗೆಯಲ್ಲಿ ಇಡಿಸ್ತಾನೆ. ಎಲ್ಲ ಮಾಡಿದ ಮೇಲೆ ದೇವರ ಹತ್ತಿರ, ಊರೇ ಶತ್ರುವಿನ ಕೈಗೆ ಹೋಗ್ತಿದೆ, ನೀನು ಹೊಲ ಕೊಂಡುಕೋ ಅಂತೀಯಲ್ಲ ಅಂತ ಕೇಳ್ತಾನೆ. ದುಡ್ಡು ಕೊಟ್ಟಾದ ಮೇಲೆ ಕೇಳ್ತಾನೆ.

ಅವನು ಆ ಹೊಲದಲ್ಲಿ ಬಿತ್ತಿದನಾ?

ಗ್ರೀಕ್‌ಪಾಠ:
ಹಾಗಂತ ಎಲ್ಲೂ ಬರೆದಿಲ್ಲ. 43ರಲ್ಲಿ ಜನ ಅವನನ್ನ ಐಗುಪ್ತಕ್ಕೆ (ಈಜಿಪ್ಟಿಗೆ) ಕರಕೊಂಡು ಹೋಗ್ತಾರೆ. ವಾಪಸ್ ಬಂದ ಸುದ್ದಿ ಗ್ರಂಥದಲ್ಲಿಲ್ಲ.

ಖಾಲಿಕಾಲಂ:
ಹಾಗಾದರೆ ಅವನದ್ದೂ ಬಲಗಡೆ ಕಾಲಂ ಖಾಲಿ.

ಹಳೇಓದುಗ:
ಹೌದಮ್ಮ. ಗಡಿಗೆ ಮುಚ್ಚಿಟ್ಟೇ ಹೋದ.

ಬೆಳಗಿನಜಾವ:
ಸಿಸ್ಟರ್, ನಾನು ಗುಣವಾಗಲಿ ಅಂತ ಬೇಡೋದನ್ನ ಬಿಡಲ್ಲ, ಗಟ್ಟಿಯಾಗಿಯೇ ಬೇಡ್ತೀನಿ. ಆದರೆ ಯಾರಿಗಾದರೂ ಉತ್ತರ ಬರದೇ ಹೋದಾಗ ನಾನು ಏನೇನು ಅಂದಿದ್ದೆ ಅಂತ ನಿನ್ನೆಯಿಂದ ನೆನಪು ಮಾಡಿಕೊಳ್ತಿದ್ದೀನಿ. ಒಬ್ಬರ ಮನೆಗೆ ಈ ಭಾನುವಾರ ಹೋಗಿ ಕ್ಷಮೆ ಕೇಳಬೇಕು.

ಖಾಲಿಕಾಲಂ:
ನೋಟ್‌ಬುಕ್ ಎದುರಿಗಿದೆ. ಹೊಸ ಪುಟಕ್ಕೆ ಗೆರೆ ಎಳೆದೆ. ತಾರೀಖು ಹಾಕಿದೆ. ನಡುವಿನ ಕಾಲಂನಲ್ಲಿ ನನ್ನ ಹೆಸರು ಮಾತ್ರ ಬರೆದೆ, ಮುಂದಕ್ಕೆ ಏನು ಬೇಡಬೇಕೋ ಬರ್ತಿಲ್ಲ. ಯಾರಾದರೂ ನನ್ನ ಬದಲು ಬರೀತೀರಾ?

ರಾತ್ರಿಪಾಳಿ:
ಪಾಳಿಗೆ ಹೊರಡೋಕೆ ಇನ್ನೂ ಹತ್ತು ನಿಮಿಷ ಇದೆ. ನನ್ನ ಡೈರಿಯಲ್ಲಿ ಬರ್ಕೊಂಡೆ, ತಂಗಿ.

ಮೂರನೇಬೆಂಚು:
ನಾನೂ ಬರೆದೆ. ನಾಳೆ ಬೆಳಿಗ್ಗೆ ಬಂದು ಕೇಳ್ತೀನಿ, ನಿದ್ದೆ ಬಂತಾ ಅಂತ.